ನಾಲ್ಕು ಊರು ನೋಡಬೇಕು, ಬಿಡಾರ ಎಲ್ಲಿ ಹೂಡಬೇಕು? ರೂಮ್ ಬುಕ್ ಮಾಡೋ ಮೊದಲು ಇಷ್ಟು ನೋಡ್ಕೊಳ್ಳಿ

ಆಯುಧ ಪೂಜೆ ವ್ಯಾಪಾರ ಮುಗಿದ ಮೇಲೆ ನಮ್ಮ ಪೇಟೆಯಲ್ಲಿ ಎಷ್ಟೋ ಅಂಗಡಿಯವರು ಮನೆಮಂದಿ ಕರ್ಕೊಂಡು ಎರಡು ಮೂರು ದಿನ ಹೊರಗೆ ಹೋಗಿ ಬರ್ತಾರೆ. ವರ್ಷಕ್ಕೆ ಸಿಗೋದೇ ಅಷ್ಟು. ಶಟರ್ ಎಳೆದ ಒಂದೊಂದು ದಿನಕ್ಕೂ ಲೆಕ್ಕ ಇರುತ್ತೆ. ಆ ಮೂರು ದಿನ ಬಸ್ಸಿನಲ್ಲೇ ಕಳೆದುಹೋದರೆ ಹೊಟ್ಟೆ ಉರಿಯದೆ ಇರುತ್ತಾ?

ಪೇಟೆ ಬೀದಿಯ ಕಿರಾಣಿ ಅಂಗಡಿಯವರೊಬ್ಬರಿಗೆ ಕಳೆದ ವರ್ಷ ಆಗಿದ್ದು ಅದೇ. ವಯಸ್ಸಾದ ತಾಯಿ ಸೇರಿ ಆರು ಜನ ಹಾಸನದ ಕಡೆ ಹೊರಟರು. ಹೆಸರು ಕೇಳಿ ಗೊತ್ತಿದ್ದ ಊರು ಅಂತ ಬೇಲೂರಿನಲ್ಲಿ ಮೂರು ರಾತ್ರಿಗೆ ರೂಮ್ ಮಾಡಿದರು. ಮೊದಲ ದಿನ ಬೇಲೂರು, ಹಳೇಬೀಡು ಆರಾಮಾಗಿ ಆಯಿತು. ಎರಡನೇ ದಿನ ಶ್ರವಣಬೆಳಗೊಳ. ಬೇಲೂರಿಂದ ಹಾಸನ, ಅಲ್ಲಿಂದ ಚನ್ನರಾಯಪಟ್ಟಣ, ಅಲ್ಲಿ ಇಳಿದು ಮತ್ತೊಂದು ಬಸ್. ಬೆಟ್ಟದ ಬುಡ ಮುಟ್ಟುವಾಗ ಮಧ್ಯಾಹ್ನ ಹನ್ನೆರಡು. ವಿಂಧ್ಯಗಿರಿಗೆ ಆರುನೂರಕ್ಕೂ ಹೆಚ್ಚು ಮೆಟ್ಟಿಲು, ಹತ್ತೋದು ಬರಿಗಾಲಲ್ಲಿ. ಬಂಡೆ ಕಾದ ಕಾವಲಿ ಆಗಿತ್ತು. ತಾಯಿ ಕೆಳಗೇ ಕೂತರು, ಗೊಮ್ಮಟನ ದರ್ಶನ ಆಗಲಿಲ್ಲ. ಮೂರನೇ ದಿನ ಸಕಲೇಶಪುರದ ಕಡೆ ಹೋಗುವ ಉಮೇದು ಯಾರಿಗೂ ಉಳಿದಿರಲಿಲ್ಲ.

"ಊರು ಚೆನ್ನಾಗಿತ್ತು, ಲಾಡ್ಜೂ ಚೆನ್ನಾಗಿತ್ತು. ಲೆಕ್ಕ ತಪ್ಪಿದ್ದು ನಾವು" ಅಂತಾರೆ ಅವರು. ಆ ಲೆಕ್ಕ ಏನು ಅಂತ ಈಗ ನೋಡೋಣ.

ಸುತ್ತ ಇದ್ದರೆ ನಡುವೆ ಉಳಿಯಿರಿ

ಮೊದಲು ನೋಡಬೇಕಾದ ಜಾಗಗಳನ್ನ ಒಂದು ಹಾಳೆಯಲ್ಲಿ ಬರೆದು, ಯಾವುದು ಯಾವ ದಿಕ್ಕಿಗಿದೆ ಅಂತ ಗುರುತು ಮಾಡಿ. ಹಾಸನದಿಂದ ಬೇಲೂರು ಸುಮಾರು 40 ಕಿ.ಮೀ., ಹಳೇಬೀಡು ಸುಮಾರು 30, ಸಕಲೇಶಪುರ ಸುಮಾರು 40, ಶ್ರವಣಬೆಳಗೊಳ ಸುಮಾರು 50. ಸಕಲೇಶಪುರ ಪಶ್ಚಿಮಕ್ಕೆ, ಶ್ರವಣಬೆಳಗೊಳ ಪೂರ್ವಕ್ಕೆ, ಬೇಲೂರು ಹಳೇಬೀಡು ವಾಯವ್ಯಕ್ಕೆ. ಎಲ್ಲದರ ನಡುವೆ ಇರೋದು ಹಾಸನ. ಹಾಸನದಲ್ಲಿ ನೋಡೋಕೆ ದೊಡ್ಡದೇನೂ ಇಲ್ಲ ಅಂತ ಜನ ಬಿಟ್ಟುಬಿಡ್ತಾರೆ. ಆದರೆ ಬಸ್ ಎಲ್ಲಾ ಕಡೆಗೂ ಹೊರಡೋದು ಅಲ್ಲಿಂದಲೇ. ಅಲ್ಲಿ ಉಳಿದಿದ್ದರೆ ಬೆಳಗಿನ ಬಸ್ಸಿಗೇ ಹೊರಟು, ಬಿಸಿಲು ಏರುವ ಮೊದಲೇ ಬೆಟ್ಟ ಹತ್ತಿ ಇಳಿಯಬಹುದಿತ್ತು.

ಬೇಲೂರು, ಹಳೇಬೀಡು ಎರಡೇ ಸಾಕು ಅನ್ನೋರಿಗೆ ಬೇಲೂರೇ ಸರಿ. ಎರಡರ ನಡುವೆ ಇರೋದು ಸುಮಾರು 16 ಕಿ.ಮೀ. ಮಾತ್ರ.

ಒಂದೇ ಕಡೆ ಇದ್ದರೆ ಅಲ್ಲೇ ಉಳಿಯಿರಿ

ಹಾಗಂತ ಯಾವಾಗಲೂ ಜಿಲ್ಲಾ ಕೇಂದ್ರವೇ ಸರಿ ಅಂದ್ಕೋಬೇಡಿ. ಬಾದಾಮಿ ಕಡೆ ಹೋದರೆ ಲೆಕ್ಕ ಉಲ್ಟಾ. ಗುಹಾಲಯಗಳು, ಅಗಸ್ತ್ಯ ತೀರ್ಥ ಊರೊಳಗೇ ಇವೆ. ಬನಶಂಕರಿ ಸುಮಾರು 5 ಕಿ.ಮೀ., ಪಟ್ಟದಕಲ್ಲು 22, ಐಹೊಳೆ 35, ಮಹಾಕೂಟವೂ ಹತ್ತಿರ. ದೊಡ್ಡ ಊರು ಅಂತ ಬಾಗಲಕೋಟೆಯಲ್ಲಿ ರೂಮ್ ಮಾಡಿದರೆ ದಿನಾ ಬೆಳಿಗ್ಗೆ ಬಾದಾಮಿಗೆ ಬರೋದು, ಸಂಜೆ ವಾಪಸ್ ಹೋಗೋದೇ ಒಂದು ಕೆಲಸ ಆಗುತ್ತೆ. ಆದರೆ ಕೂಡಲಸಂಗಮ, ಆಲಮಟ್ಟಿಯೂ ಪಟ್ಟಿಯಲ್ಲಿದ್ದರೆ ಬಾಗಲಕೋಟೆಯೇ ಅನುಕೂಲ. ಅಂದರೆ ಊರು ದೊಡ್ಡದಾ ಚಿಕ್ಕದಾ ಅಂತಲ್ಲ, ನಿಮ್ಮ ಪಟ್ಟಿ ಯಾವುದು ಅನ್ನೋದು ಮುಖ್ಯ.

ರೈಲಲ್ಲಿ ಹೋಗೋರು ಒಂದು ನೆನಪಿಡಿ: ಬಾದಾಮಿ ನಿಲ್ದಾಣ ಊರಿಂದ ಸುಮಾರು 5 ಕಿ.ಮೀ. ದೂರ. ಲಗೇಜ್ ಇದ್ದರೆ ಆಟೋ ಮಾಡಲೇಬೇಕು.

ನಕ್ಷೆಯಲ್ಲಿ ಹೊಳೆ ಇದೆಯಾ ನೋಡಿ

ಹಂಪಿಗೆ ಹೋಗೋರು ಬಹಳ ಸಲ ಇಲ್ಲಿ ಎಡವ್ತಾರೆ. ಮೊಬೈಲ್ ನಕ್ಷೆಯಲ್ಲಿ ಹಂಪಿ, ಆನೆಗೊಂದಿ ಅಕ್ಕಪಕ್ಕ ಕಾಣುತ್ತವೆ. ನಡುವೆ ತುಂಗಭದ್ರೆ ಹರಿಯುತ್ತಾಳೆ. ರಸ್ತೆಯಲ್ಲಿ ಹೋದರೆ ಸುತ್ತಿ ಹೋಗಬೇಕು. ದೋಣಿ, ತೆಪ್ಪ ನಂಬ್ಕೊಂಡರೆ, ಜಲಾಶಯದಿಂದ ನೀರು ಬಿಟ್ಟು ಹೊಳೆ ತುಂಬಿದಾಗ ಅವೂ ನಿಲ್ಲುತ್ತವೆ.

ವಿರೂಪಾಕ್ಷ ಗುಡಿ, ವಿಜಯವಿಠ್ಠಲ ಗುಡಿ, ಕಮಲಾಪುರದ ಕಡೆಯ ಸ್ಮಾರಕಗಳು, ಟಿ.ಬಿ. ಡ್ಯಾಂ ನೋಡೋರಿಗೆ ಹೊಸಪೇಟೆ ಸರಿ. ಹಂಪಿ ಅಲ್ಲಿಂದ ಸುಮಾರು 13 ಕಿ.ಮೀ., ರೈಲು ನಿಲ್ದಾಣವೂ ಇದೆ. ಅಂಜನಾದ್ರಿ ಬೆಟ್ಟವೇ ಮುಖ್ಯ ಅಂದ್ರೆ ಅದು ಹೊಳೆಯ ಆಚೆ ದಡ, ಕೊಪ್ಪಳ ಜಿಲ್ಲೆ. ಗಂಗಾವತಿ ಅಥವಾ ಆನೆಗೊಂದಿ ಕಡೆ ಉಳಿಯೋದು ಒಳ್ಳೇದು.

ಇನ್ನೊಂದು ಮಾತು. ಹೊಸಪೇಟೆಯಲ್ಲಿದ್ದು ಬಾದಾಮಿಗೆ ಒಂದೇ ದಿನದಲ್ಲಿ ಹೋಗಿ ಬರ್ತೀವಿ ಅಂತ ಹೊರಡೋರು ಇದ್ದಾರೆ. ಒಂದು ಕಡೆಗೇ ಮೂರು ಗಂಟೆ ಮೇಲಾಗುತ್ತೆ. ವಯಸ್ಸಾದವರು, ಮಕ್ಕಳು ಇದ್ದರೆ ಬೇಡವೇ ಬೇಡ. ಹೊಸಪೇಟೆಯಲ್ಲಿ ಎರಡು ರಾತ್ರಿ, ಬಾದಾಮಿಯಲ್ಲಿ ಒಂದು ರಾತ್ರಿ ಅಂತ ಬಿಡಾರ ಬದಲಿಸಿ.

ಹೋಗೋ ಬಸ್ಸಲ್ಲ, ಬರೋ ಬಸ್ ಕೇಳಿ

ಬೆಳಿಗ್ಗೆ ಹೋಗೋಕೆ ಏನಾದರೂ ಸಿಗುತ್ತೆ. ಕಷ್ಟ ಇರೋದು ಸಂಜೆ ವಾಪಸ್ ಬರೋದ್ರಲ್ಲಿ. ಬಸ್ ಇಳಿದ ತಕ್ಷಣ ಕಂಡಕ್ಟರ್ ಅಥವಾ ನಿಲ್ದಾಣದ ಕಂಟ್ರೋಲರ್ ಹತ್ತಿರ "ವಾಪಸ್ ಕೊನೇ ಬಸ್ ಎಷ್ಟೊತ್ತಿಗೆ?" ಅಂತ ಕೇಳ್ಕೊಳ್ಳಿ. ಅದಕ್ಕಿಂತ ಒಂದು ಬಸ್ ಮುಂಚೆ ಹೊರಡಿ. ದೂರವನ್ನ ಕಿಲೋಮೀಟರ್‌ನಲ್ಲಿ ಅಳೀಬೇಡಿ, ಗಂಟೆಯಲ್ಲಿ ಅಳೀರಿ. ಎಲ್ಲಿ ಬಸ್ ಬದಲಿಸಬೇಕೋ ಅಲ್ಲಿ ಒಂದೊಂದಕ್ಕೆ ಅರ್ಧ ಗಂಟೆ ಸೇರಿಸ್ಕೊಳ್ಳಿ.

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಮತ್ತು ವೇಗದೂತ ಸರ್ಕಾರಿ ಬಸ್‌ನಲ್ಲಿ ಟಿಕೆಟ್ ದುಡ್ಡಿಲ್ಲ, ಗುರುತಿನ ಚೀಟಿ ಇರಬೇಕು ಅಷ್ಟೇ. ಹಾಗಾಗಿ ಬಸ್ ಚೆನ್ನಾಗಿ ಸಿಗುವ ಊರಲ್ಲಿ ಉಳಿದರೆ ಖರ್ಚು ಬಹಳ ಇಳಿಯುತ್ತೆ. ಬಾಡಿಗೆ ಕಾರು ಮಾಡೋರು ದಿನಕ್ಕೆ ಕನಿಷ್ಠ ಎಷ್ಟು ಕಿ.ಮೀ. ದುಡ್ಡು ಕೊಡಬೇಕು, ಡ್ರೈವರ್ ಬಾಟಾ ಎಷ್ಟು ಅಂತ ಮೊದಲೇ ಮಾತಾಡ್ಕೊಳ್ಳಿ. ಪಟ್ಟದಕಲ್ಲು, ಐಹೊಳೆಯಂಥ ಸಣ್ಣ ಊರುಗಳಿಗೆ ಬೇಕಾದರೆ ಒಂದು ದಿನ ಮಾತ್ರ ಗಾಡಿ ಮಾಡಿ, ಉಳಿದ ದಿನ ಬಸ್ಸಲ್ಲಿ ಓಡಾಡಿ.

ವಾರ, ಜಾತ್ರೆ, ಬಾಗಿಲು

ಪುರಾತತ್ವ ಇಲಾಖೆಯ ಮ್ಯೂಸಿಯಂಗಳಿಗೆ ಸಾಮಾನ್ಯವಾಗಿ ಶುಕ್ರವಾರ ರಜೆ. ಬೇಲೂರು ಚನ್ನಕೇಶವ ಈಗಲೂ ಪೂಜೆ ನಡೆಯುವ ಗುಡಿ, ಮಧ್ಯಾಹ್ನ ಗರ್ಭಗುಡಿ ಬಾಗಿಲು ಹಾಕ್ತಾರೆ. ದೇವರ ದರ್ಶನ ಬೇಕಂದ್ರೆ ಬೆಳಿಗ್ಗೆಯೇ ಹೋಗಿ. ಬನದ ಹುಣ್ಣಿಮೆಯ ಬನಶಂಕರಿ ಜಾತ್ರೆ ಹೊತ್ತಲ್ಲಿ ಬಾದಾಮಿಯಲ್ಲಿ ರೂಮ್ ಸಿಗೋದು ಕಷ್ಟ. ಜಾತ್ರೆ ನೋಡೋಕೇ ಹೋಗೋದಾದರೆ ತಿಂಗಳು ಮೊದಲೇ ಮಾತಾಡಿ.

ಲಾಡ್ಜಿಗೆ ಫೋನ್ ಮಾಡಿದಾಗ

ಬಾಡಿಗೆ ಒಂದನ್ನೇ ಕೇಳಿ ಫೋನ್ ಇಡಬೇಡಿ. ಬಸ್ ಸ್ಟ್ಯಾಂಡಿಗೆ ನಡೆದು ಹೋಗಬಹುದಾ? ಲಿಫ್ಟ್ ಇದೆಯಾ, ಇಲ್ಲಾ ಅಂದ್ರೆ ಕೆಳಗಿನ ಮಹಡಿಯಲ್ಲಿ ರೂಮ್ ಕೊಡ್ತೀರಾ? ಬಿಸಿನೀರು ಎಷ್ಟೊತ್ತಿಂದ ಎಷ್ಟೊತ್ತಿನವರೆಗೆ? 24 ಗಂಟೆ ಲೆಕ್ಕವೋ, ಮಧ್ಯಾಹ್ನ ಹನ್ನೆರಡಕ್ಕೆ ಖಾಲಿ ಮಾಡಬೇಕೋ? ಕೊನೇ ದಿನ ಸಂಜೆವರೆಗೆ ಲಗೇಜ್ ಇಟ್ಕೊಳ್ತೀರಾ? ಬೆಳಿಗ್ಗೆ ಆರಕ್ಕೆ ಹತ್ತಿರದಲ್ಲಿ ಟೀ, ಇಡ್ಲಿ ಸಿಗುತ್ತಾ? ಈ ಆರು ಪ್ರಶ್ನೆಗೆ ಎರಡು ನಿಮಿಷ ಸಾಕು. ದೊಡ್ಡವರೆಲ್ಲರ ಆಧಾರ್ ಜೆರಾಕ್ಸ್ ಜೊತೆಗಿರಲಿ.

ಕಿರಾಣಿ ಅಂಗಡಿಯವರು ಈ ಸಲ ಮತ್ತೆ ಹಾಸನಕ್ಕೇ ಹೊರಟಿದ್ದಾರೆ. ರೂಮ್ ಬಸ್ ಸ್ಟ್ಯಾಂಡ್ ಹತ್ತಿರ ಮಾಡಿದ್ದಾರೆ, ಎರಡೇ ರಾತ್ರಿಗೆ. ಮೊದಲ ಬೆಳಿಗ್ಗೆ ಬೇರೆ ಎಲ್ಲೂ ಇಲ್ಲ, ತಾಯಿಯನ್ನ ಕರ್ಕೊಂಡು ನೇರ ಶ್ರವಣಬೆಳಗೊಳಕ್ಕೆ. "ನಿಧಾನ ಹತ್ತಲಿ, ಕೂತು ಕೂತು ಹತ್ತಲಿ. ಬಿಸಿಲಿಗೆ ಮುಂಚೆ ಬುಡದಲ್ಲಿದ್ದರೆ ಆಯ್ತು" ಅಂತಾರೆ.