ಹೇಳದೆ ಬಿಟ್ಟ ಮಾತು

ಗಣಕಯಂತ್ರದ ಭಾಷೆಗಳಲ್ಲಿ ಲಿಸ್ಪ್ ಹಿರಿಯಜ್ಜಿಯಿದ್ದಂತೆ. ಅಮೆರಿಕದ ಎಂ.ಐ.ಟಿ.ಯಲ್ಲಿ ಜಾನ್ ಮೆಕಾರ್ಥಿಯವರು 1958ರಲ್ಲಿ ಇದರ ಕೆಲಸ ಆರಂಭಿಸಿದರು. ಅದರ ಕವಲುಗಳಲ್ಲೊಂದಾದ ಕಾಮನ್ ಲಿಸ್ಪ್‌ಗೆ 1994ರಲ್ಲಿ ಆ ದೇಶದ ಮಾನಕವೆಂಬ ಮನ್ನಣೆ ದೊರೆಯಿತು. ಕಂಸಗಳ ಕಾಡೆಂದು ಹಾಸ್ಯ ಮಾಡುವವರುಂಟು. ಆದರೆ ಅದರ ಒಂದು ಪದ್ಧತಿ ಕನ್ನಡ ಮನೆಮಾತಿನವರಿಗೆ ಬೇಗನೆ ಹಿಡಿಸೀತೆಂದು ನನ್ನ ಎಣಿಕೆ.

"ತಮ್ಮನಿಗೆ ಅಕ್ಕ ಪುಸ್ತಕವನ್ನು ಕೊಟ್ಟಳು" ಎನ್ನಿ, "ಪುಸ್ತಕವನ್ನು ಅಕ್ಕ ತಮ್ಮನಿಗೆ ಕೊಟ್ಟಳು" ಎನ್ನಿ. ಕೊಟ್ಟವರು, ಪಡೆದವರು ಅದಲುಬದಲಾಗುವುದಿಲ್ಲ. ವಿಭಕ್ತಿ ಪ್ರತ್ಯಯದ ಕಾವಲಿದೆ. (ಪರಸ್ಥಳದಲ್ಲಿ ಬೆಳೆದ ನಮ್ಮ ಮಕ್ಕಳು ಪ್ರತ್ಯಯ ನುಂಗಿ ಮಾತಾಡುವಾಗಲೇ ಅದರ ಬೆಲೆ ನಮಗೆ ತಿಳಿಯುವುದು!) ಲಿಸ್ಪಿನಲ್ಲಿ ಫಂಕ್ಷನ್ನಿಗೆ ಒಪ್ಪಿಸುವ ಸಾಮಗ್ರಿಯನ್ನು ಗೊತ್ತಾದ ಸಾಲಿನಲ್ಲಿ ಕೊಡುವುದು ಒಂದು ಬಗೆ. ಫಂಕ್ಷನ್ ಬರೆಯುವಾಗ '&ಕೀ' ಎಂದು ಸೂಚಿಸಿದ್ದರೆ, ಒಂದೊಂದನ್ನೂ ಅದರ ಹೆಸರು ಹಿಡಿದು, ಯಾವ ಕ್ರಮದಲ್ಲಾದರೂ ಕೊಡಬಹುದು. ನಮ್ಮ ಪ್ರತ್ಯಯ ಪದದ ಹಿಂದೆ ಬರುತ್ತದೆ, ಅವರ ಹೆಸರು ಮುಂದೆ ಬರುತ್ತದೆ, ಅಷ್ಟೇ ಭೇದ.

ಹೆಸರಿನ ಸಾಮಗ್ರಿಯನ್ನು ಕೊಡದೆಯೂ ಇರಬಹುದು. ಆಗ ಫಂಕ್ಷನ್ ಬರೆದವನು ಮೊದಲೇ ಗೊತ್ತುಮಾಡಿಟ್ಟ ಬೆಲೆ ನಿಲ್ಲುತ್ತದೆ. ಇದೇ ಡಿಫಾಲ್ಟ್. ಅವನೂ ಏನೂ ಹೇಳಿರದಿದ್ದರೆ 'ನಿಲ್'. ತೊಡಕಿರುವುದು ಇಲ್ಲೇ. ಆ ಭಾಷೆಯಲ್ಲಿ "ಅಲ್ಲ" ಎಂಬುದಕ್ಕೂ, ಬರಿದಾದ ಪಟ್ಟಿಗೂ ಅದೇ ನಿಲ್. ಕಚೇರಿಯ ನಮೂನೆಯಲ್ಲಿ ಅಂಕಣ ಖಾಲಿಯಿದ್ದರೆ, ಅರ್ಜಿದಾರ "ಇಲ್ಲ" ಎಂದನೋ, ಬರೆಯಲು ಮರೆತನೋ ಎಂದು ಗುಮಾಸ್ತ ತಲೆ ಕೆರೆದುಕೊಳ್ಳುತ್ತಾನಷ್ಟೆ. ಲಿಸ್ಪಿನವರು ಇದಕ್ಕೆ ಉಪಾಯ ಮಾಡಿದ್ದಾರೆ. (ಊರು "ಪುಣೆ" ಊರು-ಹೇಳಿದರೆ) ಎಂದು ಮೂರನೆಯ ಹೆಸರೊಂದನ್ನು ಸೇರಿಸಿಟ್ಟರೆ, ಕರೆದವನು ಊರನ್ನು ತಾನೇ ಹೇಳಿದನೇ, ಬಿಟ್ಟನೇ ಎಂಬುದು ಅದರಿಂದ ತಿಳಿಯುತ್ತದೆ. ನಮ್ಮ ನಮೂನೆಗಳಿಗೂ ಇಂಥದೊಂದು ಬೇಕಿತ್ತು!

ಡಿಫಾಲ್ಟನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಹೆಸರಿನಿಂದ ವಿವರ ಹುಡುಕುವ ಕೋಷ್ಟಕವನ್ನು 'ಮೇಕ್-ಹ್ಯಾಷ್-ಟೇಬಲ್' ಕಟ್ಟಿಕೊಡುತ್ತದೆ. ಹೋಲಿಸುವ ಬಗೆಯನ್ನು ನಾವು ಹೇಳದಿದ್ದರೆ, ಅದು ಅಕ್ಷರಗಳು ಒಂದೇ ಆಗಿವೆಯೇ ಎಂದು ನೋಡುವುದಿಲ್ಲ. ವಸ್ತುವೇ ಅದೇ ಹೌದೇ ಎಂದು ನೋಡುತ್ತದೆ. "ಸರೋಜಮ್ಮ" ಎಂದು ಬರೆದಿಟ್ಟು, ಮತ್ತೊಮ್ಮೆ "ಸರೋಜಮ್ಮ" ಎಂದು ಹೊಸದಾಗಿ ಟೈಪಿಸಿ ಕೇಳಿದರೆ ಸಿಗುವ ಉತ್ತರ ನಿಲ್. ದೋಷವೆಂಬ ಸೂಚನೆಯೂ ಇಲ್ಲ. ಅದು ಪಿಂಚಣಿಯ ಪಟ್ಟಿಯಾಗಿದ್ದರೆ ಆ ತಾಯಿಯ ಗತಿಯೇನು? ':ಟೆಸ್ಟ್' ಎಂಬ ಹೆಸರಿನಲ್ಲಿ 'ಈಕ್ವಲ್' ಎಂದು ಹೇಳಿದ್ದರೆ ಸಾಕಿತ್ತು.

ಸಾಲಿನ ಪದ್ಧತಿ, ಹೆಸರಿನ ಪದ್ಧತಿ ಎರಡನ್ನೂ ಬೆರೆಸಿದಲ್ಲಿ ಇನ್ನೂ ಎಚ್ಚರ ಬೇಕು. 'ರೀಡ್-ಫ್ರಮ್-ಸ್ಟ್ರಿಂಗ್' ಎಂಬುದರಲ್ಲಿ ಐಚ್ಛಿಕ ಸ್ಥಾನಗಳೆರಡು ಮೊದಲು, ಹೆಸರುಗಳು ಆಮೇಲೆ. ನಾಲ್ಕು ಅಕ್ಷರ ಬಿಟ್ಟು ಓದಲೆಂದು ನೇರವಾಗಿ ':ಸ್ಟಾರ್ಟ್ 4' ಎಂದರೆ, ಆ ಎರಡು ಸ್ಥಾನಗಳು ಅದನ್ನು ನುಂಗಿಬಿಡುತ್ತವೆ. ಓದು ಮೊದಲ ಅಕ್ಷರದಿಂದಲೇ ಶುರು. ಮೊದಲು ಆ ಎರಡು ಸ್ಥಾನಗಳನ್ನು ತುಂಬಿ, ಬಳಿಕ ':ಸ್ಟಾರ್ಟ್' ಎನ್ನಬೇಕು.