ನೆರಳಿಗೆ ಸಿಕ್ಕಿತು ‘ನೊಬೆಲ್’! ನಮ್ಮೂರಲ್ಲಿ ಮಾತ್ರ ನೆರಳಿಗೆ ಜಾಗವಿಲ್ಲ

ಏಪ್ರಿಲ್ ತಿಂಗಳ ನಡು ಮಧ್ಯಾಹ್ನ. ಮುಂಡರಗಿ ಬಸ್ಸಿಗೋ ಲಕ್ಷ್ಮೇಶ್ವರದ ಬಸ್ಸಿಗೋ ಕಾಯುವ ಮಂದಿ ಎಲ್ಲಿ ನಿಲ್ಲುತ್ತಾರೆ? ಬೋರ್ಡು ನೆಟ್ಟಲ್ಲಿ ಅಲ್ಲ, ನೆರಳು ಬಿದ್ದಲ್ಲಿ. ರಸ್ತೆ ಬದಿಗೆ ಒಂದು ಬೇವಿನ ಗಿಡ ಇದ್ದರೆ ಅದೇ ಬಸ್ ಸ್ಟಾಪು. ಅಂಗಡಿಕಾರರ ಲೆಕ್ಕವೂ ಇದೇ. ಮುಂದೆ ನೆರಳಿದ್ದರೆ ಗಿರಾಕಿ ಎರಡು ನಿಮಿಷ ನಿಲ್ಲುತ್ತಾನೆ. ನಿಂತವನು ಏನಾದರೂ ಕೊಳ್ಳುತ್ತಾನೆ.

ಇಷ್ಟು ಸಾದಾ ಮಾತನ್ನು ಕಲ್ಲಿನಲ್ಲಿ, ಗಿಡದಲ್ಲಿ ಕಟ್ಟಿ ತೋರಿಸಿದವರು ಬಾಲಕೃಷ್ಣ ದೋಶಿ. 1927ರಲ್ಲಿ ಪುಣೆಯಲ್ಲಿ, ಪೀಠೋಪಕರಣ ಮಾಡುವ ಮನೆತನದಲ್ಲಿ ಹುಟ್ಟಿದವರು. ‘ವಾಸ್ತುಶಿಲ್ಪದ ನೊಬೆಲ್’ ಎಂದೇ ಜನ ಕರೆಯುವ ಪ್ರಿಟ್ಜ್‌ಕರ್ ಪ್ರಶಸ್ತಿ 1979ರಲ್ಲಿ ಶುರುವಾಯಿತು. ಅದು ಮೊದಲ ಬಾರಿಗೆ ಒಬ್ಬ ಭಾರತೀಯನ ಕೈಗೆ ಬಂದದ್ದು 2018ರಲ್ಲಿ, ದೋಶಿಯವರಿಗೆ. ಆಗ ಅವರಿಗೆ ತೊಂಬತ್ತು ವರ್ಷ. 2022ರಲ್ಲಿ ಇಂಗ್ಲೆಂಡಿನ ರಾಯಲ್ ಗೋಲ್ಡ್ ಮೆಡಲ್ ಕೂಡ ಬಂತು. 2023ರ ಜನವರಿಯಲ್ಲಿ ಅವರು ತೀರಿಕೊಂಡರು.

ಬೆಂಗಳೂರಿನ ಕಲ್ಲಿನ ಓಣಿ

ಅವರ ಹೆಸರುವಾಸಿ ಕೆಲಸಗಳಲ್ಲೊಂದು ನಮ್ಮ ರಾಜ್ಯದಲ್ಲೇ ಇದೆ: ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಐಐಎಂ. 2009ರ ‘ತ್ರೀ ಈಡಿಯಟ್ಸ್’ ಸಿನಿಮಾ ನೋಡಿದವರೆಲ್ಲ ಅದನ್ನು ನೋಡಿದವರೇ. ಅಮೀರ್ ಖಾನ್ ಓದುವ ಕಾಲೇಜು ಅಂತ ತೋರಿಸಿದ್ದು ಅದನ್ನೇ. ಸುಮಾರು ನೂರು ಎಕರೆ ಜಾಗ. ದೋಶಿ ನಕ್ಷೆಗೆ ಕೈಹಾಕಿದ್ದು 1970ರ ದಶಕದಲ್ಲಿ. ಕಟ್ಟಡಗಳು ಒಂದೇ ಸಲಕ್ಕೆ ಎದ್ದಿದ್ದಲ್ಲ, ವರ್ಷಗಟ್ಟಲೆ ಬೆಳೆದವು.

ಅಲ್ಲಿ ಥಳಥಳ ಹೊಳೆಯುವುದು ಏನೂ ಇಲ್ಲ. ಆ ಭಾಗದ್ದೇ ಬೂದು ಬಣ್ಣದ ಒರಟು ಗ್ರಾನೈಟ್ ಕಲ್ಲಿನ ಗೋಡೆ. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಎತ್ತರದ ಪಡಸಾಲೆಗಳು. ಕೆಲವು ಕಡೆ ಮೇಲೆ ಪೂರಾ ಮುಚ್ಚಿಗೆ, ಕೆಲವು ಕಡೆ ಬರೀ ತೊಲೆಗಳ ಚಪ್ಪರ, ಕೆಲವು ಕಡೆ ಬಯಲು ಆಕಾಶ. ತೊಲೆಗಳ ಸಂದಿಯಿಂದ ಬಿಸಿಲು ಪಟ್ಟೆ ಪಟ್ಟೆಯಾಗಿ ನೆಲಕ್ಕೆ ಬೀಳುತ್ತದೆ, ಬಳ್ಳಿ ಹಬ್ಬುತ್ತದೆ. ನಡುನಡುವೆ ಅಂಗಳ, ಅಂಗಳದ ತುಂಬ ಗಿಡ. ಫತೇಪುರ್ ಸಿಕ್ರಿಯ ಅಂಗಳಗಳನ್ನೂ ಮದುರೆ ದೇವಸ್ಥಾನದ ಪ್ರಾಕಾರಗಳನ್ನೂ ನೆನಪಿನಲ್ಲಿ ಇಟ್ಟುಕೊಂಡು ದೋಶಿ ಇದನ್ನು ಹಾಕಿದರು. ಕಟ್ಟಡ ಆದ ಮೇಲೆ ಸುತ್ತ ಗಿಡ ಹಚ್ಚುವುದು ಬೇರೆ. ಇಲ್ಲಿ ಗಿಡವೂ ಕಟ್ಟಡದ ಲೆಕ್ಕದಲ್ಲೇ ಸೇರಿತ್ತು.

ಹಿತ್ತಲ ಗಿಡ ಮದ್ದಲ್ಲ!

ಅಲ್ರೀ, ಇದರಾಗ ಹೊಸದೇನೈತಿ? ಗದಗ-ಬೆಟಗೇರಿಯ ಹಳೆ ಓಣಿಯ ಅಜ್ಜ ಹೀಗೆ ಕೇಳಿದರೆ ತಪ್ಪಿಲ್ಲ. ದಪ್ಪ ಗೋಡೆ, ಜಂತಿ ಹಾಸಿ ಮೇಲೆ ಮಣ್ಣಿನ ಮಾಳಿಗೆ, ಬೆಳಕಿಂಡಿ, ಒಳಗೆ ಪಡಸಾಲೆ, ಹೊರಗೆ ದಾರಿಹೋಕರೂ ಕೂಡುವ ಕಟ್ಟೆ. ಇದೆಲ್ಲ ಈ ಸೀಮೆಯ ಮನೆಗಳಲ್ಲಿ ಇದ್ದದ್ದೇ. ದಪ್ಪ ಮಣ್ಣು ಬೇಗ ಕಾಯುವುದಿಲ್ಲ. ಬಿಸಿಲು ಒಳಗೆ ಇಳಿಯುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆ.

ದೇವಸ್ಥಾನಗಳ ಪಾಠ ಇನ್ನೂ ಹಳೆಯದು. ಲಕ್ಕುಂಡಿಯ ಮುಸುಕಿನ ಬಾವಿಯ ಮೆಟ್ಟಿಲು ಇಳಿದಂತೆ ಮೈಗೆ ತಂಪು ತಾಗುತ್ತದೆ. ಲಕ್ಷ್ಮೇಶ್ವರದ ಸೋಮೇಶ್ವರ ಗುಡಿ ಎತ್ತರದ ಪೌಳಿಯೊಳಗಿದೆ. ಮುಂಡರಗಿ ತಾಲೂಕಿನ ಡಂಬಳದ ದೊಡ್ಡಬಸಪ್ಪ ಗುಡಿಯ ತಳಪಾಯ 24 ಮೂಲೆಯ ನಕ್ಷತ್ರ. ಬಿಸಿಲಲ್ಲಿ ನಿಂತು ನೋಡಿ: ಒಂದು ಮೂಲೆಯ ನೆರಳು ಪಕ್ಕದ ಗೋಡೆಯ ಮೇಲೆ ಬೀಳುತ್ತದೆ. ಕಟ್ಟಿದವರು ಶೋಭೆಗೆ ಮಾಡಿರಲಿ, ಶಾಸ್ತ್ರಕ್ಕೆ ಮಾಡಿರಲಿ, ಗೋಡೆಗೆ ನೆರಳಂತೂ ಸಿಕ್ಕಿತು.

ಮನೆ ಕಟ್ಟಿ ನೋಡು ಅಂದರು ಹಿರಿಯರು. ನಾವು ಕಟ್ಟಿದ್ದನ್ನು ನೋಡಿದರೆ? ಕಟ್ಟೆ ಹೋಗಿ ಷಟರ್ ಬಂತು. ಮಾಳಿಗೆ ಹೋಗಿ ಆರ್‌ಸಿಸಿ ಬಂತು. ಅದು ಹಗಲೆಲ್ಲ ಕಾದು ರಾತ್ರಿ ಆ ಕಾವನ್ನು ಮಲಗಿದವರ ಮೇಲೆ ಬಿಡುತ್ತದೆ. ಪಡುವಣಕ್ಕೆ ಗಾಜಿನ ಮುಖ ಇಟ್ಟ ಅಂಗಡಿಯಲ್ಲಿ ಸಂಜೆ ನಾಲ್ಕಕ್ಕೆ ಫ್ಯಾನು ಬಿಸಿಗಾಳಿಯನ್ನೇ ತಿರುಗಿಸುತ್ತದೆ. ಎಸಿ ಹಾಕಿದರೆ ಕರೆಂಟ್ ಬಿಲ್ಲು ಬೆವರು ಇಳಿಸುತ್ತದೆ.

ನೂರು ಎಕರೆ ಎಲ್ಲಿ, ಹತ್ತು ಅಡಿ ಎಲ್ಲಿ?

ಐಐಎಂಗೆ ನೂರು ಎಕರೆ ಇತ್ತು, ನಮಗೆ ಹತ್ತು ಅಡಿ ಅಂಗಡಿ ಎನ್ನುವವರ ಮಾತಿನಲ್ಲಿ ಹುರುಳಿದೆ. ಬೆಂಗಳೂರಿನ ಹವೆ ಬೇರೆ, ಗದಗಿನ ಹವೆ ಬೇರೆ. ಅದನ್ನೇ ಇಲ್ಲಿ ನಕಲು ಹೊಡೆದರೂ ಕೆಲಸವಾಗದು. ಆದರೆ ದೋಶಿಯವರ ಇನ್ನೊಂದು ಕೆಲಸಕ್ಕೆ ಇಂದೋರಿಗೆ ಹೋಗಬೇಕು. ಅಲ್ಲಿಯ ಅರಣ್ಯ ಬಡಾವಣೆ ಹೆಚ್ಚಾಗಿ ಬಡವರಿಗಾಗಿ ಮಾಡಿದ್ದು. ಕಡು ಬಡವರಿಗೆ ಕೊಟ್ಟದ್ದು ನಿವೇಶನ, ತಳಪಾಯ, ನೀರು, ಪಾಯಖಾನೆ. ಉಳಿದದ್ದನ್ನು ಕೈಗೆ ಕಾಸು ಬಂದಂತೆ ಅವರೇ ಕಟ್ಟಿಕೊಳ್ಳಬೇಕು. ಮಾದರಿಗೆಂದು ಕಟ್ಟಿದ ಮನೆಗಳಿಗೆ ಬೀದಿಗೆ ಮುಖ ಮಾಡಿದ ಜಗಲಿ, ಮೆಟ್ಟಿಲು. ಈ ಬಡಾವಣೆಗೆ 1995ರಲ್ಲಿ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂತು. ಅಂದರೆ ಜಗಲಿ ಕಟ್ಟೆ ಶ್ರೀಮಂತರ ಶೋಕಿ ಅಲ್ಲ.

ಹೊಸದಾಗಿ ಕಟ್ಟಿಸುವವರು ಗೌಂಡಿಗೆ ನಾಲ್ಕು ಮಾತು ಹೇಳಿದರೆ ಸಾಕು. ಪಡುವಣ ಗೋಡೆಗೆ ಗಾಜು ಬೇಡ. ಷಟರಿನ ಮುಂದೆ ನಮ್ಮ ಹದ್ದಿನೊಳಗೇ ಮೂರಡಿ ಸಜ್ಜಾ ಇರಲಿ. ಬಿಸಿಗಾಳಿ ಹೊರಹೋಗಲು ಎತ್ತರದಲ್ಲಿ ಕಿಂಡಿ ಇರಲಿ. ಮುಂದೆ ಬೇವೋ ಹೊಂಗೆಯೋ ಒಂದು ಗಿಡ. ಗಿಡ ಬರೀ ನೆರಳು ಕೊಡುವುದಿಲ್ಲ. ಎಲೆಯಿಂದ ನೀರಿನ ಆವಿ ಬಿಟ್ಟು ಸುತ್ತಲ ಗಾಳಿಯನ್ನೂ ತಂಪು ಮಾಡುತ್ತದೆ. ಬೋರ್ಡು ಕಾಣುವುದಿಲ್ಲ ಎಂದು ಗಿಡಕ್ಕೆ ಕೊಡಲಿ ಹಾಕುವವರು ಬೋರ್ಡನ್ನೇ ಎರಡಡಿ ಸರಿಸಿ ನೋಡಲಿ.

ಬಸ್ ತಂಗುದಾಣ ಕಟ್ಟಿಸುವ ದೊಡ್ಡವರಿಗೂ ಒಂದು ಮಾತು. ತಗಡಿನ ಚಾವಣಿಯ ಮೇಲೆ ನಿಮ್ಮ ಹೆಸರು ಎಷ್ಟು ದೊಡ್ಡದಾಗಿದೆ ಎಂದು ಶಿರಹಟ್ಟಿ ಬಸ್ಸಿಗೆ ಕಾದು ನಿಂತ ತಾಯಿ ನೋಡುವುದಿಲ್ಲ. ಕಂಕುಳ ಕೂಸಿಗೆ ನೆರಳು ಎಲ್ಲಿದೆ ಎಂದು ನೋಡುತ್ತಾಳೆ.