ದುರಂತದ ನಂತರ ಪ್ರಾರ್ಥನೆ ಮತ್ತು ನೆರವು: ಕಪಗಲ್ ಅಪಘಾತ ನೆನಪಿಸುವ ಹೊಣೆ

ರಾಯಚೂರು: ಮಾನ್ವಿ ತಾಲ್ಲೂಕಿನ ಕಪಗಲ್ ಬಳಿ 2024ರ ಸೆಪ್ಟೆಂಬರ್ 5ರಂದು, ಶಿಕ್ಷಕರ ದಿನದ ಬೆಳಿಗ್ಗೆ, ಸಾರಿಗೆ ಸಂಸ್ಥೆಯ ಬಸ್ ಹಾಗೂ ಲೊಯೊಲಾ ಶಾಲೆಯ ಬಸ್ ನಡುವೆ ಡಿಕ್ಕಿ ಸಂಭವಿಸಿ ಇಬ್ಬರು ವಿದ್ಯಾರ್ಥಿಗಳು ಮೃತಪಟ್ಟರು. ಮೂವತ್ತಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಕೆಲವು ಮಕ್ಕಳು ಕಾಲುಗಳನ್ನೇ ಕಳೆದುಕೊಂಡರು. ಸರ್ಕಾರ ಪರಿಹಾರ ಘೋಷಿಸಿತು.

ಈ ಶಾಲೆಯನ್ನು ನಡೆಸುವವರು ಕ್ಯಾಥೊಲಿಕ್ ಧರ್ಮಸಭೆಯ ಯೇಸುಸಭೆಯ ಗುರುಗಳು. ಆದರೆ ರಾಯಚೂರು ಜಿಲ್ಲೆಯಲ್ಲಿ ಕ್ರೈಸ್ತರ ಸಂಖ್ಯೆ ತೀರಾ ಕಡಿಮೆ. ಇಂತಹ ಶಾಲೆಗಳಿಗೆ ಬರುವ ಮಕ್ಕಳಲ್ಲಿ ಹೆಚ್ಚಿನವರು ಇತರ ಧರ್ಮಗಳ ಕುಟುಂಬದವರು. ಹೀಗಿರುವಾಗ ಕ್ರೈಸ್ತ ಪ್ರಾರ್ಥನೆ ಯಾರಿಗಾಗಿ, ಅದರ ಅರ್ಥವೇನು ಎಂಬ ಪ್ರಶ್ನೆ ಸಹಜ.

ಪ್ರಾರ್ಥನೆಯ ಸ್ವರೂಪ

ಜಿಲ್ಲೆಯ ಕ್ಯಾಥೊಲಿಕರು 1949ರಲ್ಲಿ ಸ್ಥಾಪನೆಯಾದ ಬಳ್ಳಾರಿ ಧರ್ಮಕ್ಷೇತ್ರಕ್ಕೆ ಸೇರಿದ್ದಾರೆ. ಅವರ ಸಂಪ್ರದಾಯದಲ್ಲಿ ಮೃತರ ಆತ್ಮಶಾಂತಿಗಾಗಿ ಬಲಿಪೂಜೆ ಅರ್ಪಿಸಲಾಗುತ್ತದೆ. ನವೆಂಬರ್ 2ರಂದು ಸಕಲ ಮೃತರ ಸ್ಮರಣೆ ನಡೆಯುತ್ತದೆ. ಮೆಥೋಡಿಸ್ಟರೂ ಸೇರಿದಂತೆ ಪ್ರೊಟೆಸ್ಟೆಂಟ್ ಸಭೆಗಳ ಕ್ರಮ ಬೇರೆ. ಅಲ್ಲಿ ಮೃತರ ಬದುಕಿಗಾಗಿ ದೇವರಿಗೆ ಕೃತಜ್ಞತೆ ಸಲ್ಲಿಸಿ, ಉಳಿದವರಿಗೆ ಸಾಂತ್ವನ ದೊರೆಯಲೆಂದು ಬೇಡಿಕೊಳ್ಳಲಾಗುತ್ತದೆ.

ಅನ್ಯಧರ್ಮೀಯರಿಗಾಗಿ ಪ್ರಾರ್ಥಿಸಲು ಎರಡೂ ಕಡೆ ಅಡ್ಡಿಯಿಲ್ಲ. ಅಂತ್ಯಸಂಸ್ಕಾರ ಮಾತ್ರ ಆಯಾ ಕುಟುಂಬದ ಪದ್ಧತಿಗೆ ಬಿಟ್ಟದ್ದು. ಪ್ರಾರ್ಥಿಸುವವರು ನೊಂದವರ ನಂಬಿಕೆಯನ್ನು ಬದಲಿಸಲು ಬಂದವರಲ್ಲ, ಅವರ ದುಃಖದಲ್ಲಿ ಪಾಲುಗೊಳ್ಳಲು ಬಂದವರು ಎಂಬ ವಿಶ್ವಾಸ ಮೂಡಿದಾಗಲಷ್ಟೇ ಆ ಪ್ರಾರ್ಥನೆಗೆ ಮನೆಯ ಬಾಗಿಲು ತೆರೆಯುತ್ತದೆ.

ನೆರೆಯ ನೆನಪು

ಸಾಮೂಹಿಕ ದುಃಖ ಈ ಭಾಗಕ್ಕೆ ಹೊಸದಲ್ಲ. 2009ರ ಸೆಪ್ಟೆಂಬರ್ ಕೊನೆ ಹಾಗೂ ಅಕ್ಟೋಬರ್ ಆರಂಭದ ಮಳೆ, ಪ್ರವಾಹಕ್ಕೆ ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಬಲಿಯಾದರು. ಒಂದೆಡೆ ಕೃಷ್ಣಾ, ಇನ್ನೊಂದೆಡೆ ತುಂಗಭದ್ರಾ ನದಿ ಹರಿಯುವ ಜಿಲ್ಲೆಯಲ್ಲಿ ದೇವದುರ್ಗ, ಮಾನ್ವಿ, ರಾಯಚೂರು ತಾಲ್ಲೂಕುಗಳ ಹಳ್ಳಿಗಳು ನಲುಗಿದವು. ಗಂಜಿ ಕೇಂದ್ರಗಳು ಮುಚ್ಚಿದ ಮೇಲೂ ಸಂತ್ರಸ್ತರ ಸಂಕಷ್ಟ ಮುಗಿಯಲಿಲ್ಲ. 'ಆಸರೆ' ಯೋಜನೆಯ ಮನೆಗಳಿಗಾಗಿ ಅನೇಕರು ಬಹುಕಾಲ ಕಾಯಬೇಕಾಯಿತು. ಮೊದಲ ವಾರದ ಅನುಕಂಪ ಸಾಲದು ಎಂಬುದನ್ನು ಆ ನೆರೆ ತೋರಿಸಿಕೊಟ್ಟಿತು.

ನಂತರದ ದಿನಗಳು

ಕಾಲು ಕಳೆದುಕೊಂಡ ಮಕ್ಕಳ ವಿಷಯದಲ್ಲಿ ಈ ಮಾತು ಇನ್ನಷ್ಟು ನಿಜ. ಬೆಳೆಯುವ ಮಗುವಿಗೆ ಒಮ್ಮೆ ಅಳವಡಿಸಿದ ಕೃತಕ ಕಾಲು ಬಹುಕಾಲ ಹೊಂದುವುದಿಲ್ಲ. ಅಳತೆ ಬದಲಾದಂತೆ ಮತ್ತೆ ಮತ್ತೆ ಹೊಸದು ಬೇಕು. ಫಿಸಿಯೋಥೆರಪಿ, ಆಸ್ಪತ್ರೆಯ ಓಡಾಟ, ತಾಯ್ತಂದೆಯರು ಕಳೆದುಕೊಳ್ಳುವ ದಿನಗೂಲಿ ಎಲ್ಲವೂ ಸೇರಿ ಖರ್ಚು ವರ್ಷಗಟ್ಟಲೆ ಮುಂದುವರಿಯುತ್ತದೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ, ಶೇ 40ಕ್ಕಿಂತ ಕಡಿಮೆಯಿಲ್ಲದ ವೈಕಲ್ಯವುಳ್ಳ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕಿದೆ. ಆದರೆ ಪ್ರಮಾಣಪತ್ರ ಪಡೆಯಲು, ಅರ್ಜಿ ತುಂಬಲು, ಕಚೇರಿಗೆ ಅಲೆಯಲು ಹಳ್ಳಿಯ ಕುಟುಂಬಕ್ಕೆ ಜೊತೆಯವರು ಬೇಕು.

ಪ್ರಾರ್ಥನೆಗಾಗಿ ಒಂದೆಡೆ ಸೇರುವ ಜನರಿಗೆ ಈ ಕೆಲಸ ಸುಲಭಸಾಧ್ಯ. ಚರ್ಚ್, ಮಠ, ಮಸೀದಿ ಯಾವುದೇ ಇರಲಿ, ವಾರಕ್ಕೊಮ್ಮೆ ಸೇರುವವರಲ್ಲಿ ಒಬ್ಬ ಶಿಕ್ಷಕ, ಒಬ್ಬ ನರ್ಸ್, ಒಬ್ಬ ಗುಮಾಸ್ತ ಇದ್ದೇ ಇರುತ್ತಾರೆ. ಪ್ರಾರ್ಥನೆಯಲ್ಲಿ ಆ ಮಕ್ಕಳ ಹೆಸರು ಹೇಳಿದವರು ಆರು ತಿಂಗಳ ನಂತರವೂ ಅವರ ಮನೆಗೆ ಹೋಗಿ ಯೋಗಕ್ಷೇಮ ವಿಚಾರಿಸಿದರೆ, ನೊಂದ ಕುಟುಂಬಕ್ಕೆ ಅದಕ್ಕಿಂತ ದೊಡ್ಡ ಆಸರೆ ಬೇರಿಲ್ಲ.